ಕಟ್ಟೆಯ ಮೇಲೆ ಕೂಗದೆ ಉಳಿದದ್ದು

ಆ ಊರಿಗೆ ಹೋದ ಮೊದಲ ವಾರವೇ ನನ್ನ ರವಿಕೆಯ ಹುಕ್ಕೊಂದು ಕಿತ್ತು ಬಂತು. ಪೆಟ್ಟಿಗೆಯಲ್ಲಿ ಸೂಜಿದಾರ ಇತ್ತು, ಹೊಲಿಯಲು ನನಗೆ ಬರುತ್ತಲೂ ಇತ್ತು. ಆದರೂ ಹೊಲಿಯದೆ, ಒಂದು ಪಿನ್ನು ಚುಚ್ಚಿಕೊಂಡು ಆಸ್ಪತ್ರೆಗೆ ಹೋದೆ. ಪಿನ್ನು ಚುಚ್ಚುವುದು ರಿಪೇರಿಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಬಾಡಿಗೆ ಮನೆಯ ಒಡತಿ ಭರವಸೆ ಕೊಟ್ಟಿದ್ದರು. ಅವರ ಮಾತನ್ನು ನಾನು ಪೂರ್ತಿ ನಂಬಲಿಲ್ಲ, ಆದರೆ ತೆರೆದ ರವಿಕೆಯಲ್ಲಿ ಹೋಗುವಂತಿರಲಿಲ್ಲವಲ್ಲ.

ಆ ಊರಿನಲ್ಲಿ ಯಾರು ಏನನ್ನು ಸರಿಮಾಡಿದರೂ ಅದು ಸರಿಯಾಗಿರುವುದು ಅವರು ಊರೊಳಗೆ ಇರುವ ತನಕ ಮಾತ್ರ. ಸರಿಮಾಡಿದವರು ಗಡಿಕಲ್ಲು ದಾಟಿದರೋ, ಬೆಸೆದ ಕೊಡ ಮತ್ತೆ ಸೋರುತ್ತದೆ, ಹೊಲಿದ ಚಪ್ಪಲಿ ಬಾಯಿ ಬಿಡುತ್ತದೆ, ತೇಪೆ ಹಾಕಿದ ಸೈಕಲ್ ಟ್ಯೂಬು ಉಸ್ಸೆಂದು ಕೂರುತ್ತದೆ. ಜನ ಅದಕ್ಕೆ ಹೊಂದಿಕೊಂಡಿದ್ದರು. ನಲ್ಲಿ ರಿಪೇರಿಯವರ ಮನೆಗೆ ಹೊರಗಿನ ಸಂಬಂಧ ತರುತ್ತಿರಲಿಲ್ಲ. ಡಾಕ್ಟರು ರಜೆ ಹಾಕಬೇಕಾದರೆ ಕೊನೆಯ ಹೊಲಿಗೆ ಮಾಯುವ ತನಕ ಕಾಯುತ್ತಿದ್ದರು. ಸತ್ತವರು ಮಾಡಿದ ರಿಪೇರಿ ಮಾತ್ರ ಕೆಡುತ್ತಿರಲಿಲ್ಲ. ಹೂಳಲಿ ಸುಡಲಿ, ಅವರು ಗಡಿಯೊಳಗೇ ಉಳಿಯುತ್ತಿದ್ದರು.

ಊರು ಬಿಡುವವರು ಮೊದಲು ಬಸ್ ನಿಲ್ದಾಣದ ಕಲ್ಲುಕಟ್ಟೆ ಹತ್ತಿ, ತಾವು ಸರಿಮಾಡಿದ್ದನ್ನೆಲ್ಲ ಒಂದೊಂದಾಗಿ ಕೂಗಿ ಹೇಳಬೇಕು. "ಸಾಬಮ್ಮನ ಮನೆ ಮಿಕ್ಸಿ!" ಎಂದರೆ ಸಾಬಮ್ಮನೋ ಅವಳ ಕಡೆಯವರೋ "ಕೇಳಿಸ್ತು" ಎನ್ನಬೇಕು. ಹಾಗೆ ಕೂಗದವರಿಗೆ ಕಂಡಕ್ಟರ್ ಗಂಗಣ್ಣ ಟಿಕೇಟು ಕೊಡುತ್ತಿರಲಿಲ್ಲ. ನಾನು ಪ್ರತಿ ತಿಂಗಳ ಕೊನೆಗೆ ಮಗಳನ್ನು ನೋಡಲು ಹೊರಡುವಾಗ ಕಟ್ಟೆ ಹತ್ತಿ "ಏನೂ ಇಲ್ಲ" ಎನ್ನುತ್ತಿದ್ದೆ. ಕೇಳಿದ ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

ಆಸ್ಪತ್ರೆಯಲ್ಲಿ ನನ್ನದು ದಾಖಲೆ ವಿಭಾಗ. ನಾನು ಕಾಲೇಜಿನಲ್ಲಿ ಓದಿದ್ದು ಕಂಪ್ಯೂಟರ್ ವಿಜ್ಞಾನ, ಆದರೆ ಅದನ್ನು ಅಲ್ಲಿ ಬಾಯಿಬಿಟ್ಟು ಹೇಳಿರಲಿಲ್ಲ. ಕಂಪ್ಯೂಟರ್ ಕೆಟ್ಟಾಗಲೆಲ್ಲ "ಧನಪಾಲರನ್ನ ಕರೀರಿ" ಎಂದು ಕುರ್ಚಿ ಬಿಟ್ಟು ಏಳುತ್ತಿದ್ದೆ. ಧನಪಾಲರು ಆಸ್ಪತ್ರೆಯ ತಂತ್ರಜ್ಞರು. ಊರಿನ ಅರ್ಧ ಯಂತ್ರಗಳು ಅವರ ಕೈಯಿಂದ ನಡೆಯುತ್ತಿದ್ದವು. ಅವರ ತಾಯಿ ಬೇರೆ ಊರಿನಲ್ಲಿ ತೀರಿಕೊಂಡಾಗ ಅವರು ಮಣ್ಣಿಗೆ ಹೋಗಲಿಲ್ಲ. ಆ ದಿನ ಆಪರೇಷನ್ ಕೋಣೆಯ ದೀಪ ಅವರ ರಿಪೇರಿಯ ಮೇಲೆ ಉರಿಯುತ್ತಿತ್ತು. ಅವರು ಅಂದು ಸಂಜೆ ಜನರೇಟರ್ ಪಕ್ಕದಲ್ಲಿ ಸುಮ್ಮನೆ ನಿಂತಿದ್ದನ್ನು ನಾನು ಕಿಟಕಿಯಿಂದ ನೋಡಿದ್ದೆ. ನೋಡಿದ ಮೇಲೆ ಇನ್ನಷ್ಟು ಹುಷಾರಾದೆ.

ಧನಪಾಲರು ನಿವೃತ್ತರಾಗಿ ಊರು ಬಿಟ್ಟ ದಿನವೇ ನಾನೂ ಊರು ಬಿಡಬೇಕಿತ್ತು. ನನಗೆ ವರ್ಗವಾಗಿತ್ತು. ಅವರದು ಬೆಳಗಿನ ಬಸ್ಸು, ನನ್ನದು ಮಧ್ಯಾಹ್ನದ್ದು. ಮಗಳು ಇಂಚರ ನನ್ನ ಅಕ್ಕನ ಮನೆಯಲ್ಲಿದ್ದುಕೊಂಡು ಶಾಲೆಗೆ ಹೋಗುತ್ತಿದ್ದಳು. ಬೆಳಿಗ್ಗೆ ಎದ್ದವಳೇ ಫೋನು ಮಾಡಿ, "ಅಮ್ಮಾ, ಈ ಸಲ ವಾಪಸ್ ಹೋಗೋ ಬಸ್ಸಿಲ್ಲ ತಾನೇ?" ಎಂದು ಕೇಳಿದ್ದಳು. "ಇಲ್ಲ ಕಣೇ" ಎಂದಿದ್ದೆ. "ಆಣೆ ಮಾಡು" ಎಂದಳು. ನಾನು ಆಣೆ ಮಾಡುವವಳಲ್ಲ. ಅವತ್ತು ಮಾಡಿದೆ.

ಧನಪಾಲರು ಕಟ್ಟೆ ಹತ್ತಿ ಕೂಗತೊಡಗಿದರೆ ಮುಗಿಯುವುದೇ ಕಾಣಲಿಲ್ಲ. ಗಿರಣಿಯ ಬೆಲ್ಟು, ಶಾಲೆಯ ಗಂಟೆ, ಎಕ್ಸ್‌ರೇ ಯಂತ್ರ, ಯಾರದೋ ಮನೆಯ ತೊಟ್ಟಿಲ ಸರಪಳಿ. ಜನ "ಕೇಳಿಸ್ತು, ಕೇಳಿಸ್ತು" ಎನ್ನುತ್ತ ಅತ್ತರು, ನಕ್ಕರು. ಎಲ್ಲದಕ್ಕೂ ಮೊದಲೇ ಬದಲಿ ವ್ಯವಸ್ಥೆ ಆಗಿತ್ತು. ಬಸ್ಸು ಹೋಯಿತು. ನಾನು ಆಸ್ಪತ್ರೆಗೆ ಬಂದು ಬೀರುವಿನ ಕೀಲಿಗಳನ್ನು ಒಪ್ಪಿಸುತ್ತಿದ್ದೆ. ಅಷ್ಟರಲ್ಲಿ ಫಿಲೋಮಿನಾ ಸಿಸ್ಟರ್ ಬಾಗಿಲಲ್ಲಿ ನಿಂತರು. ಎಳೆ ಮಕ್ಕಳ ಕೋಣೆಯ ಮುಖ್ಯ ನರ್ಸ್ ಅವರು. ಓಡಿ ಬಂದಿದ್ದರು, ಎದೆಗೆ ಬಟ್ಟೆಯಲ್ಲಿ ಒಂದು ಮಗು ಕಟ್ಟಿಕೊಂಡಿದ್ದರು.

"ಮೇಡಂ, ಹೀಟರ್ ನಿಂತುಹೋಯ್ತು. ಎಲ್ಲಾ ಒಟ್ಟಿಗೇ."

ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಆ ಕೋಣೆಯಲ್ಲಿದ್ದವು. ಅವುಗಳ ಬಿಸಿಯನ್ನು ಮೂಲೆಯಲ್ಲಿದ್ದ ಹಳೆಯ ಲಿನಕ್ಸ್ ಕಂಪ್ಯೂಟರ್ ಅಳೆದು, ಏರಿಸಿ ಇಳಿಸಿ ಮಾಡುತ್ತಿತ್ತು. ಹೀಟರುಗಳನ್ನು ಕೈಯಿಂದಲೂ ಹೊತ್ತಿಸಬಹುದಿತ್ತು, ಆದರೆ ಎಷ್ಟು ಕಾದಿದೆ ಎಂದು ಹೇಳುವವರಿಲ್ಲದೆ ಮಗುವನ್ನು ಒಳಗೆ ಮಲಗಿಸುವ ಧೈರ್ಯ ಯಾರಿಗಿದೆ? ನಾನು ಹೋಗುವಷ್ಟರಲ್ಲಿ ನರ್ಸುಗಳೂ ತಾಯಂದಿರೂ ಒಂದೊಂದು ಮಗುವನ್ನು ಬರಿಮೈಗೆ ಅಪ್ಪಿಕೊಂಡು, ಮೇಲೆ ಕಂಬಳಿ ಹೊದ್ದು ಕುಳಿತಿದ್ದರು. ಸದ್ಯಕ್ಕೆ ಅಪಾಯವಿರಲಿಲ್ಲ. ಆದರೆ ಒಬ್ಬಳು ಬಾಣಂತಿಗೆ ಆಗಲೇ ತೂಕಡಿಕೆ ಬರುತ್ತಿತ್ತು, ಅವಳ ಕೈ ಸಡಿಲವಾದಾಗಲೆಲ್ಲ ಪಕ್ಕದವಳು ಮೊಣಕೈಯಿಂದ ತಿವಿಯುತ್ತಿದ್ದಳು. ಹೀಗೆ ಎಷ್ಟು ಹೊತ್ತು?

"ನನಗೆ ಇದೆಲ್ಲ ಬರಲ್ಲ ಸಿಸ್ಟರ್" ಎಂದೆ. ಅಭ್ಯಾಸ.

"ಬರುತ್ತೆ" ಎಂದರು ಫಿಲೋಮಿನಾ. "ಧನಪಾಲ್ ಕೆಲಸ ಮಾಡೋವಾಗ ಹಿಂದೆ ನಿಂತು ತುಟಿ ಆಡಿಸ್ತಿದ್ರಿ. ಅವರು ತಪ್ಪು ಹೊಡೆದಾಗ ಹುಬ್ಬು ಗಂಟಿಕ್ತಿದ್ರಿ. ನಾನೇನು ಕುರುಡಿಯಾ?"

ನೋಡುವುದು ರಿಪೇರಿಯಲ್ಲ ಎಂದುಕೊಂಡು ಕುರ್ಚಿಯಲ್ಲಿ ಕುಳಿತೆ. ಹೀಟರುಗಳ ಪ್ರೋಗ್ರಾಂ ಪೈಥಾನ್ ಭಾಷೆಯಲ್ಲಿತ್ತು. ಚಾಲೂ ಮಾಡಿದೆ. ಪರದೆಯ ತುಂಬ ದೋಷದ ಸಾಲುಗಳು ಸುರಿದು ನಿಂತವು. ಪೆಟ್ಟಿಗೆಗಳ ಜೊತೆ ಮಾತಾಡಲು ಅದು ಬಳಸುತ್ತಿದ್ದ ಒಂದು ಪ್ಯಾಕೇಜ್, ಅಂದರೆ ಬೇರೆ ಯಾರೋ ಬರೆದಿಟ್ಟ ಸಿದ್ಧ ಸಾಲುಗಳ ಕಂತೆ, ಒಳಗೇ ಮುರಿದಿತ್ತು. ಪ್ಯಾಕೇಜ್ ಇದೆಯೇ ಎಂದು ಕೇಳಿದೆ, ಇದೆ ಎಂದಿತು. ಕಂಪ್ಯೂಟರಿನಲ್ಲಿ ಎರಡು ಪೈಥಾನ್ ಇದ್ದು, ಒಂದರ ವಸ್ತುವನ್ನು ಇನ್ನೊಂದು ಹುಡುಕುತ್ತಿದೆಯೇನೋ ಎಂದು ನೋಡಿದೆ, ಹಾಗೇನೂ ಇರಲಿಲ್ಲ. ತೆಗೆದು ಅದನ್ನೇ ಮತ್ತೆ ಹಾಕಿದೆ. ಅದೇ ದೋಷ. ಕೊನೆಗೆ ಅದರ ಹೊಸ ಆವೃತ್ತಿಯನ್ನು ತರಿಸಿದೆ. ಅಂಗಡಿಯಿಂದ ಹೊಸ ಕೊಡ ತಂದರೆ ಆ ಊರಿನಲ್ಲಿ ಯಾರೂ ಅದನ್ನು ರಿಪೇರಿ ಎನ್ನುವುದಿಲ್ಲ, ಹಾಗಿದ್ದ ಮೇಲೆ ಇದೂ ಅಲ್ಲ ತಾನೇ? ಪ್ರೋಗ್ರಾಂ ತಕರಾರಿಲ್ಲದೆ ಎದ್ದು ಕುಳಿತಿತು. ನನ್ನ ಎದೆ ಹಗುರಾಯಿತು. ಆದರೆ ಹೀಟರುಗಳು ಹೊತ್ತಲಿಲ್ಲ. ಹೊಸ ಆವೃತ್ತಿಗೆ ನಮ್ಮ ಹಳೆಯ ಪೆಟ್ಟಿಗೆಗಳ ಪರಿಚಯವೇ ಇರಲಿಲ್ಲ, ಅವುಗಳನ್ನು ಅದರಿಂದ ಕೈಬಿಟ್ಟಿದ್ದರು. ಅದನ್ನು ತೆಗೆದು ಹಳೆಯದನ್ನೇ ಹಾಕಿ ಎಲ್ಲಿದ್ದೆನೋ ಅಲ್ಲಿಗೇ ಬಂದೆ.

ಆಮೇಲೆ ಪ್ಯಾಕೇಜಿನ ಫೈಲನ್ನು ತೆರೆದು ಓದಿದೆ, ಅರ್ಥವಾಯಿತು. ಮೊದಲಿನ ಪೈಥಾನ್‌ನಲ್ಲಿ ಒಂದು ಕೋಣೆಯಲ್ಲಿದ್ದ ವಸ್ತುವನ್ನು ಈಗಿನದರಲ್ಲಿ ಬೇರೆ ಕೋಣೆಗೆ ಎತ್ತಿಟ್ಟಿದ್ದಾರೆ. ಈ ಹಳೇ ಪ್ಯಾಕೇಜಿಗೆ ಅದು ಗೊತ್ತಿಲ್ಲ, ಖಾಲಿ ಕೋಣೆಯ ಬಾಗಿಲು ತಟ್ಟುತ್ತ ನಿಂತಿದೆ. ಹಾಗಾದರೆ ನಿನ್ನೆಯ ತನಕ ಹೇಗೆ ನಡೆಯಿತು? ಧನಪಾಲರಿಗೆ ಫೋನು ಮಾಡಿದೆ.

"ಮಕ್ಕಳ ಕೋಣೆ ಕಂಪ್ಯೂಟರಿಗೆ ಯಾವಾಗಾದರೂ ಕೈ ಹಾಕಿದ್ದಿರಾ?"

"ಇಲ್ಲವಲ್ಲ ಮೇಡಂ." ಬಸ್ಸಿನ ಸದ್ದು. ಆಮೇಲೆ, "ಅಯ್ಯೋ. ಅಪ್‌ಡೇಟ್ ಆದಾಗ ಒಂದು ಸಾಲು ತಿದ್ದಿದ್ದೆ. ಅದೂ ಒಂದು ರಿಪೇರಿನೇ? ಸ್ಕ್ರೂಡ್ರೈವರ್ ಮುಟ್ಟಿಲ್ಲ, ಬೆಸುಗೆ ಇಲ್ಲ, ಕೂತಲ್ಲೇ ಕೂತು..." ಮಾತು ನಿಲ್ಲಿಸಿದರು. "ನಾನು ಕಟ್ಟೆ ಮೇಲೆ ಕೂಗಲೇ ಇಲ್ಲ."

ಅವರು ತಿದ್ದಿದ ಸಾಲು ಗಡಿಕಲ್ಲಿನ ಬಳಿ ಅವರ ಬೆನ್ನ ಹಿಂದೆ ತಾನಾಗಿ ಹಳೆಯದಾಗಿತ್ತು. ಅವರು ತೆಗೆದಿಟ್ಟಿದ್ದ ನಕಲು ಪ್ರತಿಗೂ ಅದೇ ಗತಿ.

"ಇಳಿದು ವಾಪಸ್ ಬರ್ತೀನಿ ಮೇಡಂ" ಎಂದರು. ಅವರ ಹಿಂದಿನಿಂದ ಹೆಂಡತಿಯ ದನಿ, "ಏನಂತೆ? ಯಾರದಂತೆ?" ಎಂದಿತು. ನನಗೆ ಜನರೇಟರ್ ಪಕ್ಕದಲ್ಲಿ ನಿಂತ ಧನಪಾಲರ ಬೆನ್ನು ನೆನಪಾಯಿತು.

"ಬೇಡ" ಎಂದೆ. "ನೋಡೋಣ."

"ನೀವು ಕೈ ಹಾಕಬೇಡಿ. ಹಾಕಿದರೆ ನನ್ನ ಹಾಗೆ ಆಗ್ತೀರಿ" ಎಂದರು.

ಒಂದೇ ಸಾಲು. ಅದನ್ನು ಹೊಡೆಯಲು ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತೂ ಬೇಡ. ಹೊಡೆದರೆ ಹೀಟರುಗಳು ಹೊತ್ತುತ್ತವೆ, ನಾನು ಆ ಊರಿನವಳಾಗುತ್ತೇನೆ. ನನ್ನ ಜಾಗಕ್ಕೂ ಧನಪಾಲರ ಜಾಗಕ್ಕೂ ಯಾರೂ ಬಂದಿರಲಿಲ್ಲ, ಯಾವಾಗ ಬರುತ್ತಾರೋ ಗೊತ್ತಿರಲಿಲ್ಲ. ಇಂಚರ ಅಕ್ಕನ ಊರಿನ ಬಸ್ ನಿಲ್ದಾಣಕ್ಕೆ ಬಂದು ಕಾಯುತ್ತಾಳೆ. ನನ್ನ ಬೆರಳುಗಳು ಕೀಲಿಮಣೆಯ ಮೇಲೆ ಇದ್ದದ್ದು ಕಂಡು, ಬೆಂಕಿ ಮುಟ್ಟಿದವಳ ಹಾಗೆ ಎಳೆದುಕೊಂಡು ತೊಡೆಯ ಕೆಳಗೆ ಇಟ್ಟುಕೊಂಡೆ.

"ನೀವು ಹೇಳಿ, ನಾನು ಹೊಡೀತೀನಿ" ಎಂದರು ಫಿಲೋಮಿನಾ.

"ಆಗಲ್ಲ ಸಿಸ್ಟರ್. ನಲ್ಲಿ ಪದ್ಮಾವತಮ್ಮನ ಕಥೆ ಮರೆತಿರಾ?" ಪದ್ಮಾವತಮ್ಮ ಜಗಲಿಯಲ್ಲಿ ಕುಳಿತು, ಎಡಕ್ಕೆ ತಿರುಗಿಸು, ಬಲಕ್ಕೆ ತಿರುಗಿಸು ಎಂದು ಅಳಿಯನ ಕೈಯಲ್ಲಿ ನಲ್ಲಿ ರಿಪೇರಿ ಮಾಡಿಸಿದ್ದರು. ಅವರು ತೀರ್ಥಯಾತ್ರೆಗೆ ಹೊರಟು ಕಲ್ಲು ದಾಟಿದಾಗ ಅಡುಗೆಮನೆ ಕೆರೆಯಾಯಿತು. ಯಾರ ಕೈ ಎಂಬುದಲ್ಲ, ಯಾರ ತಿಳಿವಳಿಕೆ ಎಂಬುದು ಲೆಕ್ಕ.

ಫಿಲೋಮಿನಾ ಮಗುವಿನ ತಲೆಯ ಟೋಪಿಯನ್ನು ಕಿವಿಯ ತನಕ ಎಳೆದರು. "ಹಾಗಿದ್ರೆ ತಿಳಿಸಿಕೊಡಿ" ಎಂದರು. "ಹೊಡೆಯೋದನ್ನಲ್ಲ. ಅದು ಏನು ಹೇಳ್ತಿದೆ ಅನ್ನೋದನ್ನ."

"ಇದು ನಿಮ್ಮದಾದರೆ ನೀವು ಎಲ್ಲಿಗೂ ಹೋಗೋ ಹಾಗಿಲ್ಲ."

"ಎಲ್ಲಿಗೆ ಹೋಗ್ಲಿ? ಅಣ್ಣ ಕರೀತಾನೇ ಇದಾನೆ, ಅವನ ಮನೆ ಪಾತ್ರೆ ತೊಳೆಯೋಕೆ." ನಕ್ಕರು. ನಾನು ನಗಲಿಲ್ಲ ಎಂದು ನೋಡಿ ದನಿ ತಗ್ಗಿಸಿದರು. "ನನಗೆ ನೀವು ತಿಳಿಸಿದ್ರೆ, ಬೇಕಾದಾಗ ನಾನು ಇನ್ನೊಬ್ಬಳಿಗೆ ತಿಳಿಸ್ತೀನಿ. ಧನಪಾಲ್ ಯಾರಿಗೂ ಹೇಳಿಕೊಡಲಿಲ್ಲ. ನಾವೂ ಕೇಳಲಿಲ್ಲ. ಬೇಗ ಹೇಳಿ, ಈ ನನ್ನ ಮಗ ಎದೆ ಮೇಲೇ ಉಚ್ಚೆ ಹೊಯ್ದ."

ಅವರನ್ನು ಕುರ್ಚಿಯಲ್ಲಿ ಕೂರಿಸಿ ನಾನು ಪಕ್ಕದಲ್ಲಿ ನಿಂತೆ. ಪರದೆಗೆ ಬಾಗಿದಾಗಲೆಲ್ಲ ಅವರ ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು, ಅದರ ಒಂದು ಕಾಲು ಸಡಿಲವಾಗಿ ನೇತಾಡುತ್ತಿತ್ತು. ಅವರ ಕೈ ಎರಡೂ ಮಗುವಿನ ಮೇಲಿದ್ದವು. ನಾನೇ ಕನ್ನಡಕ ತೆಗೆದು, ರವಿಕೆಯ ಪಿನ್ನಿನ ತುದಿಯಿಂದ ಅದರ ತಿರುಪು ಬಿಗಿಮಾಡಿ ಮತ್ತೆ ಅವರ ಮೂಗಿನ ಮೇಲಿಟ್ಟೆ. "ಓದಿ, ಕೊನೆಯ ಸಾಲಿನಿಂದ ಓದಿ" ಎಂದೆ.

"ಕೇಸ್ ಶೀಟು ಓದೋ ಹಾಗೆ. ಮೊದಲು ಕೊನೇದು, ಆಮೇಲೆ ಹಿಂದಿನದು" ಎಂದರು. ಅವರಿಗೆ ಅದು ಬೇಗ ತಲೆಗೆ ಹತ್ತಿತು. ಯಾವ ಸಾಲು ಯಾವ ಫೈಲಿನದು ಎಂದು ಬೆರಳಿಟ್ಟು ಹುಡುಕಿದರು. ಕೋಣೆ ಬದಲಾದ ಸಂಗತಿಯನ್ನು ನಾನು ಹೇಳಿದೆ, ಬಾಗಿಲು ಯಾವುದು ಎಂದು ಹೇಳಲಿಲ್ಲ. ಅವರೇ ಕಂಡುಹಿಡಿದು, "ಓ, ಇಲ್ಲಿ ತಟ್ಟುತ್ತಾ ಇದೆ, ಪಾಪ" ಎಂದರು. ಒಂದು ಖಾಲಿ ಫೈಲು ತೆರೆದು, ಬೇರೆ ಯಾವುದೋ ಹೆಸರುಗಳನ್ನು ಇಟ್ಟು, ಈ ಭಾಷೆಯಲ್ಲಿ ಒಂದು ಹೆಸರಿಗೆ ಒಂದು ವಸ್ತುವನ್ನು ಒಪ್ಪಿಸುವುದು ಹೇಗೆ ಎಂದು ತೋರಿಸಿದೆ. ಕೇಳಿದ್ದನ್ನೇ ಮತ್ತೆ ಕೇಳಿದರು. ಹೊರಗೆ ಬಿಸಿಲು ಕಿಟಕಿಯ ಮೂಲೆ ಬಿಟ್ಟು ನೆಲಕ್ಕೆ ಇಳಿದಿತ್ತು. ನಾನು ಗಡಿಯಾರ ನೋಡದಿರಲು ಪ್ರಯತ್ನಿಸುತ್ತಿದ್ದೆ, ಆದ್ದರಿಂದ ಅದನ್ನೇ ನೋಡುತ್ತಿದ್ದೆ.

"ಪ್ಯಾಕೇಜ್ ತಟ್ಟೋ ಬಾಗಿಲನ್ನ ತಿದ್ದಬೇಕು, ಅಲ್ವಾ?" ಎಂದರು. ಧನಪಾಲರು ಮಾಡಿದ್ದೂ ಅದನ್ನೇ, ನಾನು ಮಾಡುತ್ತಿದ್ದದ್ದೂ ಅದನ್ನೇ. ನನ್ನ ಮುಖದಲ್ಲಿ ಏನೂ ಕಾಣದಿರಲಿ ಎಂದು ಗೋಡೆ ಕಡೆ ತಿರುಗಿದೆ.

"ತಿದ್ದೋದು ಯಾಕೆ?" ತಮ್ಮಷ್ಟಕ್ಕೇ ಹೇಳಿಕೊಂಡರು. "ಹೆರಿಗೆ ವಾರ್ಡನ್ನ ಮೇಲಕ್ಕೆ ಸಾಗಿಸಿದಾಗ ಬಂದ ಬಂದ ನೆಂಟರಿಗೆಲ್ಲ ನಾವು ಪಾಠ ಮಾಡಿದ್ವಾ? ಹಳೇ ಬಾಗಿಲ ಮೇಲೆ ಚೀಟಿ ಅಂಟಿಸಿದ್ವಿ, ಮೇಲೆ ಹೋಗಿ ಅಂತ. ಇದಕ್ಕೂ ಅಂಟಿಸಿದ್ರೆ ಆಯ್ತು."

ನನಗೆ ಅದು ಹೊಳೆದಿರಲಿಲ್ಲ. ಪ್ಯಾಕೇಜನ್ನು ಮುಟ್ಟದೆ, ನಮ್ಮ ಪ್ರೋಗ್ರಾಮಿನಲ್ಲೇ, ಹಳೆಯ ಕೋಣೆಗೆ ಹೊಸ ಕೋಣೆಯ ವಸ್ತುವನ್ನು ಒಪ್ಪಿಸುವ ಒಂದು ಸಾಲು. ಒಂದೇ ಕೈಯಿಂದ, ಒಂದೊಂದೇ ಅಕ್ಷರ ಹುಡುಕಿ ಹೊಡೆದರು. ಚಾಲೂ ಮಾಡಿದರು. ಮತ್ತೆ ಅದೇ ದೋಷ.

ತಪ್ಪು ನನಗೆ ಮೊದಲ ನೋಟಕ್ಕೇ ಕಂಡಿತು. ನಾಲಿಗೆ ಕಚ್ಚಿಕೊಂಡೆ. ಬಾಯಿ ಬಿಟ್ಟರೆ ಅದು ನನ್ನದಾಗುತ್ತದೆ. ಬಿಡದಿದ್ದರೆ ಬಸ್ಸು ಹೋಗುತ್ತದೆ. ದೂರದಲ್ಲಿ ಗಂಗಣ್ಣ ಹಾರನ್ ಹೊಡೆಸುತ್ತಿದ್ದ. ಬಾಣಂತಿಯನ್ನು ಪಕ್ಕದವಳು ಮತ್ತೆ ತಿವಿದಳು.

"ಹಾರನ್ ಕೇಳಿಸ್ತಿದೆ. ಹೊರಡಿ ನೀವು" ಎಂದರು ಫಿಲೋಮಿನಾ, ತಲೆಯೆತ್ತದೆ.

"ಸಾಲುಗಳನ್ನ ಮೇಲಿಂದ ಕೆಳಗೆ ಓದುತ್ತೆ ಅದು ಅಂತ ಆಗಲೇ ಹೇಳಿದ್ದೆ" ಎಂದೆ. ಅಷ್ಟು ಹೇಳಿದ್ದೂ ಜಾಸ್ತಿಯಾಯಿತೇನೋ ಎಂದು ಆಮೇಲೆ ದಾರಿಯುದ್ದಕ್ಕೂ ಕೊರಗಿದೆ.

ಅವರು ಪರದೆಯನ್ನು ದುರುಗುಟ್ಟಿ ನೋಡಿದರು. ಒಮ್ಮೆಲೇ ಹಣೆ ಚಚ್ಚಿಕೊಂಡರು. "ಬಾಗಿಲು ತಟ್ಟಿ ವಾಪಸ್ ಹೋದ ಮೇಲೆ ಚೀಟಿ ಅಂಟಿಸ್ತಾ ಇದೀನಿ! ಎಂಥಾ ಪೆದ್ದಿ!" ಆ ಸಾಲನ್ನು ಎಲ್ಲಕ್ಕಿಂತ ಮೇಲಕ್ಕೆ ಒಯ್ದರು. ಚಾಲೂ ಮಾಡಿದರು. ಪರದೆ ಏನೂ ಹೇಳಲಿಲ್ಲ. ಮೂಲೆಯಲ್ಲೊಂದು ಫ್ಯಾನು ಗುಂಯ್ ಎಂದಿತು, ಇನ್ನೊಂದು, ಮತ್ತೊಂದು. ಪೆಟ್ಟಿಗೆಗಳ ಕೆಂಪು ದೀಪ ಹೊತ್ತಿ ಅಂಕಿಗಳು ಮೆಲ್ಲಗೆ ಏರತೊಡಗಿದವು. ತೂಕಡಿಸುತ್ತಿದ್ದವಳು ಎದ್ದು ಕುಳಿತು, "ಆಯ್ತಾ?" ಎಂದಳು.

"ಆಯ್ತೋ ಇಲ್ವೋ ಈಗಲೇ ಗೊತ್ತಾಗಲ್ಲ" ಎಂದರು ಫಿಲೋಮಿನಾ. "ಮೇಡಂ ಕಲ್ಲು ದಾಟೋ ತನಕ ಒಂದು ಮಗೂನೂ ಒಳಗೆ ಇಡಬೇಡಿ. ಆಮೇಲೆ ನೋಡೋಣ." ನನ್ನ ಕಡೆ ತಿರುಗಿ, "ಓಡಿ. ನಾನೇ ಫೋನ್ ಮಾಡ್ತೀನಿ. ಹೀಟರ್ ನಿಂತರೂ ಮಾಡ್ತೀನಿ, ಸುಳ್ಳು ಹೇಳಲ್ಲ" ಎಂದರು. ಅವರ ಕೈ ಹಿಡಿಯಬೇಕೆನಿಸಿತು. ಅಲ್ಲಿ ಮಗುವಿನ ಬೆನ್ನಿತ್ತು, ಅದನ್ನೇ ಮುಟ್ಟಿ ಹೊರಟೆ.

ನನ್ನ ಬಟ್ಟೆಯ ಪೆಟ್ಟಿಗೆ ಎಳೆದುಕೊಂಡು ನಿಲ್ದಾಣ ಮುಟ್ಟಿದಾಗ ಬಸ್ಸು ಗುರುಗುಡುತ್ತಿತ್ತು. "ಕಟ್ಟೆ, ಕಟ್ಟೆ" ಎಂದ ಗಂಗಣ್ಣ. ಹತ್ತಿದೆ. ಕೆಳಗೆ ಎಂದಿನ ಜನ, ಎಂದಿನ ಮುಖಗಳು. ಪ್ರತಿ ತಿಂಗಳೂ ಸಲೀಸಾಗಿ ಬರುತ್ತಿದ್ದ ಆ ಎರಡು ಮಾತು ಹೇಳುವ ಬದಲು ಆಸ್ಪತ್ರೆಯ ದಿಕ್ಕಿಗೆ ತಿರುಗಿ ನೋಡಿದೆ. ಮಕ್ಕಳ ಕೋಣೆ ಎಂದು ಕೂಗಲೇ? ಕೂಗಿದರೆ ಫಿಲೋಮಿನಾ ಕಂಡುಕೊಂಡದ್ದನ್ನು ಕಿತ್ತುಕೊಂಡಂತೆ. ಕೂಗದೆ ಅದು ನನ್ನದೇ ಆಗಿಬಿಟ್ಟಿದ್ದರೆ?

"ಏನ್ ಮೇಡಂ, ಮರೆತುಹೋಯ್ತಾ? ನಿಮ್ಮದು ಒಂದೇ ಡೈಲಾಗು" ಎಂದ ಗಂಗಣ್ಣ. ಜನ ನಕ್ಕರು.

"ಏನೂ ಇಲ್ಲ" ಎಂದೆ.

ಊರು ದಾಟುವ ರಸ್ತೆಯಲ್ಲಿ ನಾನು ಮನೆಗಳನ್ನು ನೋಡಲಿಲ್ಲ. ಫೋನನ್ನು ಎರಡೂ ಅಂಗೈಗಳ ನಡುವೆ ಹಿಡಿದಿದ್ದೆ. ಗಡಿಕಲ್ಲಿನ ಆಚೆಗೆ ಒಂದು ಚಹಾದ ಗೂಡಂಗಡಿಯಿದೆ, ಅಲ್ಲಿ ಬಸ್ಸು ನಿಲ್ಲುತ್ತದೆ. ಹಿಂದೆ ಏನಾದರೂ ಕೆಟ್ಟು ಕರೆ ಬಂದರೆ ಇಳಿದು ನಡೆದುಹೋಗಬಹುದು, ಅದಕ್ಕೇ ಆ ನಿಲುಗಡೆ. ಕಲ್ಲು ಕಿಟಕಿಯ ಪಕ್ಕ ಬಂತು, ಹಿಂದೆ ಸರಿಯಿತು. ಯಾವ ಸದ್ದೂ ಆಗಲಿಲ್ಲ. ಎಲ್ಲರೂ ಚಹಾ ಕುಡಿಯಲು ಇಳಿದರು. ನಾನು ಪೆಟ್ಟಿಗೆಯನ್ನು ಬಾಗಿಲ ಹತ್ತಿರಕ್ಕೆ ಎಳೆದಿಟ್ಟುಕೊಂಡೆ, ಇಳಿಯಬೇಕಾಗಿ ಬಂದರೆ ಎಂದು. ಇಂಚರಳಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸತೊಡಗಿದೆ. ಯಾವುದೂ ಕೂಡಿಬರಲಿಲ್ಲ.

ಫೋನು ಅದುರಿತು.

"ದಾಟಿದ್ರಾ ಮೇಡಂ?"

"ದಾಟಿದೆ ಸಿಸ್ಟರ್. ಹೀಟರ್?"

"ನೀವು ದಾಟಿದ್ದು ನನಗೆ ಗೊತ್ತಾಯ್ತು ಬಿಡಿ." ಅವರ ದನಿ ನಡುಗುತ್ತಿತ್ತು. ಅಳುವೋ ಏನೋ ಎಂದು ನಾನು ಪೆಟ್ಟಿಗೆಯ ಹಿಡಿ ಹಿಡಿದು ಎದ್ದು ನಿಂತೆ.

"ನಿಂತಿತಾ?"

"ಹೀಟರ್ ಭರ್ಜರಿಯಾಗಿ ನಡೀತಿದೆ. ಅಂಕಿ ಅಲ್ಲಾಡಿಲ್ಲ. ನನ್ನ ಕನ್ನಡಕದ ಕಾಲು ಕಳಚಿ ಹಾಲಿನ ಬಟ್ಟಲಿಗೆ ಬಿತ್ತು!" ಅಳುವಲ್ಲ, ನಗು. ಅವರ ಹಿಂದೆ ಇನ್ನೂ ಯಾರೋ ನಗುತ್ತಿದ್ದರು. "ಆ ತಿರುಪು ತಿರುಗಿಸಿದ್ದು ನೀವೇ ಅಲ್ವಾ? ಮಕ್ಕಳನ್ನ ಮಲಗಿಸ್ತಾ ಇದೀವಿ. ನನಗೇನೂ ಕಾಣ್ತಿಲ್ಲ, ಅವರೇ ಮಲಗಿಸ್ತಾ ಇದಾರೆ."

ನಾನು ಮತ್ತೆ ಕುಳಿತೆ. ಗಂಗಣ್ಣ ಚಹಾದ ಲೋಟ ಹಿಡಿದು ಮೆಟ್ಟಿಲ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದ.

"ಏನಾದ್ರೂ ಕೆಡ್ತಾ ಮೇಡಂ?"

"ಒಂದು ಕನ್ನಡಕ" ಎಂದೆ.

"ಕಟ್ಟೆ ಮೇಲೆ ಏನೂ ಇಲ್ಲ ಅಂದ್ರಿ?"

"ಅದೂ ಒಂದು ರಿಪೇರಿನಾ ಅಂತ..." ಎಂದವಳು ಅರ್ಧಕ್ಕೆ ನಿಲ್ಲಿಸಿದೆ. ಅದೇ ದಿನ ಬೆಳಿಗ್ಗೆ ಅದೇ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದೆ.

"ಅದೆಲ್ಲ ಆಗಲ್ಲ. ಕೂಗಿದ ಮೇಲೇ ಬಸ್ಸು ಹೊರಡೋದು" ಎಂದ ಗಂಗಣ್ಣ, ಲೋಟದ ತಳದ ಚಹಾ ಚೆಲ್ಲುತ್ತ. ಅವನು ತಮಾಷೆ ಮಾಡುತ್ತಿರಲಿಲ್ಲ. ಬಸ್ಸಿನವರೆಲ್ಲ ನನ್ನ ಕಡೆ ನೋಡಿದರು. ನಾನು ಮೆಟ್ಟಿಲಿಗೆ ಬಂದು, ಕಲ್ಲಿನ ಆಚೆ ಬಿಸಿಲಲ್ಲಿ ಬಿದ್ದಿದ್ದ ಊರಿನ ಕಡೆ ಮುಖ ಮಾಡಿ, ಆ ತನಕ ಎಂದೂ ಕೂಗದಷ್ಟು ಗಟ್ಟಿಯಾಗಿ ಕೂಗಿದೆ.

"ಫಿಲೋಮಿನಾ ಸಿಸ್ಟರ್ ಕನ್ನಡಕ!"

ಕೈಯಲ್ಲಿದ್ದ ಫೋನು ಇನ್ನೂ ಚಾಲೂ ಇತ್ತು.

"ಕೇಳಿಸ್ತು" ಎಂದಿತು.